ಬೆಂಚ್ ಡ್ರಿಲ್‌ನಲ್ಲಿ ಮಾರ್ಟೈಸ್ ತೂತು: ಅಟ್ಯಾಚ್‌ಮೆಂಟ್ ಬೇಕಾ, ಬಿಟ್ ಮತ್ತು ಉಳಿ ಸಾಕಾ?

ಸಾಗರದ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಓದುವ ಮೇಜು ಮಾಡುತ್ತಿದ್ದೇನೆ. ಹಲಸಿನ ಮರ, ಚೆನ್ನಾಗಿ ಒಣಗಿದೆ. ಕಾಲು 45 ಮಿ.ಮೀ. ಚೌಕ. ಕಾಲುಗಳನ್ನು ಸೇರಿಸುವ ಅಡ್ಡಪಟ್ಟಿ 22 ಮಿ.ಮೀ. ದಪ್ಪ, 90 ಮಿ.ಮೀ. ಅಗಲ. ಸ್ಕ್ರೂ, ಕಬ್ಬಿಣದ ಎಲ್ ಪಟ್ಟಿ ಬೇಡ, ಮಾರ್ಟೈಸ್-ಟೆನಾನ್ ಜೋಡಣೆಯನ್ನೇ ಮಾಡೋಣ ಅಂತಿದ್ದೇನೆ. ಮಾರ್ಟೈಸ್ ಅಂದರೆ ಕಾಲಿನಲ್ಲಿ ಕೊರೆಯುವ ಉದ್ದ ತೂತು, ಟೆನಾನ್ ಅಂದರೆ ಅದರೊಳಗೆ ಕೂರುವ ಅಡ್ಡಪಟ್ಟಿಯ ನಾಲಿಗೆ. ಒಟ್ಟು ಎಂಟು ತೂತು.

ಮನೆಯಲ್ಲಿ 13 ಮಿ.ಮೀ. ಚಕ್ (ಬಿಟ್, ಅಂದರೆ ಕೊರೆಯುವ ಮೊನೆಯನ್ನು ಕಚ್ಚಿ ಹಿಡಿಯುವ ಭಾಗ) ಇರುವ ಬೆಂಚ್ ಡ್ರಿಲ್ ಇದೆ. ಗೇಟಿನ ಕೆಲಸಕ್ಕೆ ಅಂತ ತಂದಿದ್ದು, ಈಗ ಸುಮ್ನೆ ಮೂಲೆಯಲ್ಲಿ ಕೂತಿದೆ. ಅದರಲ್ಲೇ ಈ ಕೆಲಸ ಆಗುತ್ತಾ? ಚೌಕ ಉಳಿಯೊಳಗೆ ಬಿಟ್ ತಿರುಗುವ ಮಾರ್ಟೈಸಿಂಗ್ ಅಟ್ಯಾಚ್‌ಮೆಂಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳಬಹುದಾ? ಇನ್ನೊಂದು, ಒಂದು ವಿಡಿಯೋದಲ್ಲಿ ಕ್ರಾಸ್ ವೈಸ್‌ನಲ್ಲಿ (ಹಿಡಿಕೆ ತಿರುಗಿಸಿದರೆ ಅಡ್ಡಕ್ಕೆ ಸರಿಯುವ ಕಚ್ಚುವ ಸಾಧನ) ಮರ ಕಚ್ಚಿಸಿ, ಬಿಟ್ ತಿರುಗುತ್ತಿರುವಾಗಲೇ ಹಿಡಿಕೆ ತಿರುಗಿಸಿ ಮರವನ್ನು ಅಡ್ಡಕ್ಕೆ ಸರಿಸುತ್ತಾನೆ. ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಅದು ಸರಿಯಾದ ವಿಧಾನವಾ?

ಉಳಿ-ಕೊಡತಿ, ಕುಂದಾಪುರ

ಎಂಟೇ ಎಂಟು ತೂತಿಗೆ ಮಷೀನ್ ಯಾಕೆ ಮಾರಾಯ್ರೆ? ಒಂದು ದಪ್ಪ ಬೆನ್ನಿನ 10 ಮಿ.ಮೀ. ಉಳಿ, ಒಂದು ಕೊಡತಿ ಸಾಕು. ಮಾರ್ಕಿಂಗ್ ಗೇಜ್‌ನಲ್ಲಿ ಎರಡು ಗೆರೆ ಎಳೆಯಿರಿ. ಕೊನೆಯ ಗೆರೆಯಿಂದ ಎರಡು-ಮೂರು ಮಿ.ಮೀ. ಒಳಗೆ ಉಳಿ ಇಟ್ಟು ಶುರು ಮಾಡಿ. ಕೊನೆಗೆ ಗೆರೆ ಮೇಲೆ ನೆಟ್ಟಗೆ ಹೊಡೆದು ಮುಗಿಸಿ. ಹಲಸು ಒಳ್ಳೆಯ ಮರ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ನೀವು ಮಷೀನ್ ಟೇಬಲ್ ಸರಿ ಮಾಡಿ, ಬಿಟ್ ಹುಡುಕಿ, ಅಳತೆ ಹೊಂದಿಸುವಷ್ಟರಲ್ಲಿ ನಾನು ಎರಡು ಕಾಲು ಮುಗಿಸಿರುತ್ತೇನೆ.

ಪೀಣ್ಯ ಫಿಟ್ಟರ್

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಎಲ್ಲಕ್ಕಿಂತ ಮುಖ್ಯ. ಆ ವಿಡಿಯೋ ನೋಡಿ ಕೆಲಸಕ್ಕೆ ಇಳಿಯಬೇಡಿ ಸರ್.

ಡ್ರಿಲ್ ಮಷೀನ್ ಇರುವುದು ಮೇಲಿಂದ ಕೆಳಕ್ಕೆ ಒತ್ತಲಿಕ್ಕೆ. ಅದರ ಬೇರಿಂಗ್ ಆ ಒತ್ತಡಕ್ಕೆ ತಕ್ಕಂತೆ ಇರುತ್ತದೆ. ಅಡ್ಡಕ್ಕೆ ತಳ್ಳಿದರೆ ಸ್ಪಿಂಡಲ್ ಅಲ್ಲಾಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಚಕ್ಕಿನದು. ಹೆಚ್ಚಿನ ಬೆಂಚ್ ಡ್ರಿಲ್‌ಗಳಲ್ಲಿ ಚಕ್ಕಿಗೆ ಬೋಲ್ಟ್ ಇರುವುದಿಲ್ಲ, ಟೇಪರ್ (ಶಂಕುವಿನಂತೆ ಕಿರಿದಾಗುವ ತುದಿ) ಬಿಗಿತದ ಮೇಲೆಯೇ ಅದು ನಿಂತಿರುತ್ತದೆ. ಮೇಲಕ್ಕೆ ಒತ್ತಿದಷ್ಟೂ ಟೇಪರ್ ಬಿಗಿಯಾಗುತ್ತದೆ, ಅಡ್ಡಕ್ಕೆ ನಡುಗಿಸಿದರೆ ಸಡಿಲವಾಗುತ್ತದೆ. ಒಂದು ಹೊತ್ತಿನಲ್ಲಿ ತಿರುಗುತ್ತಿರುವ ಚಕ್ಕು ಬಿಟ್ ಸಮೇತ ಕಳಚಿ ಟೇಬಲ್ ಮೇಲೆ ಬೀಳುತ್ತದೆ. ಮಿಲ್ಲಿಂಗ್ ಮಷೀನ್‌ನಲ್ಲಿ ಟೂಲನ್ನು ಮೇಲಿನಿಂದ ಡ್ರಾಬಾರ್ (ಉದ್ದ ಬೋಲ್ಟ್) ಹಾಕಿ ಎಳೆದು ಹಿಡಿದಿರುವುದು ಇದಕ್ಕೇ.

ರೌಟರ್ ಬಿಟ್ ಹಾಕಿದರೆ ಆಗಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. ರೌಟರ್ (ಮರದಲ್ಲಿ ಗಾಡಿ, ಅಂಚು ತೆಗೆಯುವ ಕೈಮಷೀನ್) ತಿರುಗುವುದು ನಿಮಿಷಕ್ಕೆ 20,000 ಸುತ್ತಿನ ಆಸುಪಾಸು. ಬೆಂಚ್ ಡ್ರಿಲ್ ಗರಿಷ್ಠ ವೇಗ ಸುಮಾರು 3,000. ಆ ವೇಗದಲ್ಲಿ ರೌಟರ್ ಬಿಟ್ ಮರವನ್ನು ಕತ್ತರಿಸುವುದಿಲ್ಲ, ಕಚ್ಚಿ ಎಳೆಯುತ್ತದೆ.

ಕ್ರಾಸ್ ವೈಸ್ ಇದ್ದರೆ ಇರಲಿ. ಒಂದು ತೂತಿನಿಂದ ಇನ್ನೊಂದಕ್ಕೆ ಮರ ಸರಿಸಲು ಬಳಸಿ. ಆದರೆ ಸರಿಸುವಾಗ ಬಿಟ್ ಮರದಿಂದ ಪೂರ್ತಿ ಮೇಲೆ ಬಂದಿರಬೇಕು.

ಮೈಸೂರು ಮರಗೆಲಸ

ಕುಂದಾಪುರದ ಸರ್ ಹೇಳಿದ್ದು ಅವರ ಕೈಗೆ ಸರಿ. ಹೊಸಬರಿಗೆ ಉಳಿ ನೆಟ್ಟಗೆ ಇಳಿಸುವುದೇ ಕಷ್ಟ. ಅರ್ಧ ಡಿಗ್ರಿ ವಾಲಿದರೂ ಮೇಜಿನ ಕಾಲು ಸೊಟ್ಟ ನಿಲ್ಲುತ್ತದೆ. ಡ್ರಿಲ್ ಮಷೀನ್ ಕೊಡುವುದು ಎರಡೇ ವಿಷಯ: ನೇರ ಗೋಡೆ, ಒಂದೇ ಆಳ. ಉಳಿದದ್ದು ಉಳಿ ಕೆಲಸವೇ. ಹಾಗಾಗಿ ಅಟ್ಯಾಚ್‌ಮೆಂಟ್ ಇಲ್ಲದೆಯೇ ನಿಮ್ಮ ಮೇಜು ಆಗುತ್ತದೆ. ನಾನು ಹೇಗೆ ಮಾಡುತ್ತೇನೆ ಅಂತ ನಿಮ್ಮ ಅಳತೆಗೇ ಬರೆಯುತ್ತೇನೆ.

ಮೊದಲು ಕಾಲನ್ನು ಬೇಕಾದ್ದಕ್ಕಿಂತ 20 ಮಿ.ಮೀ. ಉದ್ದ ಇಟ್ಟುಕೊಳ್ಳಿ. ತೂತು ಕಾಲಿನ ತುದಿಗೆ ಹತ್ತಿರ ಬರುವುದರಿಂದ ಅಲ್ಲಿ ಸೀಳುವ ಭಯ ಇರುತ್ತದೆ. ಜೋಡಣೆ ಎಲ್ಲ ಮುಗಿದ ಮೇಲೆ ಆ ತುಂಡನ್ನು ಕೊಯ್ದು ತೆಗೆದರಾಯಿತು.

ಟೆನಾನ್ ದಪ್ಪ 10 ಮಿ.ಮೀ. ಇಡಿ. ಪಟ್ಟಿಯ ದಪ್ಪದಲ್ಲಿ ಮೂರನೇ ಒಂದು ಭಾಗ ಅನ್ನೋದು ಹಳೆಯ ಲೆಕ್ಕ. ಆದರೆ ಇಲ್ಲಿ ತೂತು ಇರುವುದು ದಪ್ಪ ಕಾಲಿನಲ್ಲಿ, ಅದಕ್ಕೆ ಸ್ವಲ್ಪ ಜಾಸ್ತಿ ಆದರೆ ತೊಂದರೆ ಇಲ್ಲ. ತೂತಿನ ಉದ್ದ 70, ಆಳ 32. ಟೆನಾನ್ 30 ಉದ್ದ ಮಾಡಿದರೆ ತಳದಲ್ಲಿ ಅಂಟಿಗೆ ಜಾಗ ಉಳಿಯುತ್ತದೆ.

ಟೇಬಲ್ ಮೇಲೆ ಒಂದು ನೇರ ಪಟ್ಟಿಯನ್ನು ಎರಡೂ ಕಡೆ ಕ್ಲಾಂಪ್ ಹಾಕಿ ಬಿಗಿಯಿರಿ. ಅದೇ ಫೆನ್ಸ್. ಕಾಲಿನ ಹೊರಮುಖ ಯಾವಾಗಲೂ ಫೆನ್ಸ್ ಕಡೆಗೇ ಇರಲಿ. ಹಾಗೆ ಮಾಡಿದರೆ ಬಿಟ್ ಅರ್ಧ ಮಿ.ಮೀ. ಆಚೀಚೆ ಆಗಿದ್ದರೂ ಎಂಟೂ ತೂತು ಒಂದೇ ರೀತಿ ಆಚೀಚೆ ಆಗಿರುತ್ತವೆ, ಮೇಜು ಚೌಕವಾಗಿಯೇ ಬರುತ್ತದೆ. ಒಂದೇ ಕಾಲಿನ ಎರಡು ತೂತುಗಳಲ್ಲಿ ಕಾಲಿನ ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಸ್ಟಾಪ್ ತುಂಡು (ಮರ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುವಂತೆ ತಡೆಯುವ ತುಂಡು) ಇಡುವವರು ಎರಡೂ ಕಡೆ ಇಡಬೇಕು. ಇಲ್ಲಿ ತುಂಬ ಜನ ಎಡವುತ್ತಾರೆ. ಅದಕ್ಕೇ ಪ್ರತಿ ಕಾಲಿನ ಮೇಲೂ ಪೆನ್ಸಿಲ್‌ನಲ್ಲಿ ‘ಮೇಲೆ’, ‘ಹೊರಗೆ’ ಅಂತ ಬರೆದೇ ಮಷೀನ್ ಹತ್ತಿರ ಹೋಗಿ.

ಬಿಟ್ ಬ್ರ್ಯಾಡ್ ಪಾಯಿಂಟ್ ಇರಲಿ, ಅಂದರೆ ಮಧ್ಯೆ ಮುಳ್ಳು, ಅಂಚಿನಲ್ಲಿ ಎರಡು ಹಲ್ಲು ಇರುವಂಥದ್ದು. ಕಬ್ಬಿಣಕ್ಕೆ ಬಳಸುವ ಬಿಟ್ ಮರದ ನಾರು ಹಿಡಿದು ಪಕ್ಕಕ್ಕೆ ಜಾರುತ್ತದೆ. ತೂತಿನ ಒಂದು ತುದಿಯನ್ನು ಸೊನ್ನೆ ಅಂದುಕೊಂಡರೆ ಬಿಟ್ಟಿನ ಮುಳ್ಳು 5, 17, 29, 41, 53, 65 ಮಿ.ಮೀ.ಗಳಲ್ಲಿ ಕೂರಬೇಕು. ಮೊದಲು ಎರಡು ತುದಿಯವು, ಅಂದರೆ 5 ಮತ್ತು 65. ಆಮೇಲೆ ಮಧ್ಯದವು. ಹೀಗೆ ಕೊರೆದರೆ ಎರಡು ತೂತಿನ ನಡುವೆ 2 ಮಿ.ಮೀ. ತೆಳು ಗೋಡೆ ಉಳಿಯುತ್ತದೆ. ಅದನ್ನು ಮಷೀನ್‌ನಲ್ಲಿ ತೆಗೆಯಲು ಹೋಗಬೇಡಿ. ಬಿಟ್ಟಿಗೆ ಎರಡೂ ಕಡೆ ಮರ ಸಿಗದಿದ್ದರೆ ಖಾಲಿ ಕಡೆಗೆ ಬಾಗುತ್ತದೆ. ಆ ಗೋಡೆಗಳನ್ನು ಉಳಿಯಿಂದ ಒಡೆಯಿರಿ, ಪಟಪಟ ಅಂತ ಹೋಗುತ್ತವೆ.

ಕೊನೆಗೆ 25 ಮಿ.ಮೀ. ಅಗಲದ ಉಳಿ ತಗೊಂಡು, ಅದರ ಚಪ್ಪಟೆ ಬೆನ್ನನ್ನು ತೂತಿನ ಉದ್ದಗೋಡೆಗೆ ಒರಗಿಸಿ ಕೈಯಿಂದಲೇ ಒತ್ತಿ ಸವರಿ. ಕೊಡತಿ ಬೇಡ. ಬಿಟ್ ಮಾಡಿದ ಅರ್ಧಚಂದ್ರಗಳ ನಡುವಿನ ಚೂಪು ಏಣುಗಳು ಮಾತ್ರ ಹೋಗಬೇಕು. ತೂತಿನ ಗೋಡೆ ಬಿಟ್ ಕೊಟ್ಟ ಅಳತೆಯಲ್ಲೇ ಇರಲಿ.

ಹುಬ್ಬಳ್ಳಿ ಬಾಗಿಲು

ಅಟ್ಯಾಚ್‌ಮೆಂಟ್ ಬಗ್ಗೆ ನಾನು ಹೇಳ್ತೀನ್ರಿ. ನಮ್ಮದು ಬಾಗಿಲು, ಚೌಕಟ್ಟಿನ ಅಂಗಡಿ. ಐದು-ಮೂರು ಇಂಚಿನ ಚೌಕಟ್ಟಿಗೆಲ್ಲಾ ಚೈನ್ ಮಾರ್ಟೈಸರ್ (ಹಲ್ಲಿನ ಸರಪಳಿಯಿಂದ ತೂತು ಕೊರೆಯುವ ಮಷೀನ್) ಇದೆ. ಸಣ್ಣ ಕೆಲಸಕ್ಕೆ ಇರಲಿ ಅಂತ ಬೆಂಚ್ ಡ್ರಿಲ್‌ಗೆ ಅಟ್ಯಾಚ್‌ಮೆಂಟ್ ತರಿಸಿದೆ. ಬಂದದ್ದು ನಮ್ಮ ಮಷೀನ್ ಕ್ವಿಲ್‌ಗೆ (ಹಿಡಿಕೆ ಒತ್ತಿದಾಗ ಕೆಳಗಿಳಿಯುವ ಕೊಳವೆ) ಕೂರಲೇ ಇಲ್ಲ. ಕಾಲರ್ ಅಳತೆ ಬೇರೆ. ಮಾರಿದವರು ‘ಎಲ್ಲಾ ಮಷೀನ್‌ಗೂ ಆಗುತ್ತೆ’ ಅಂತ ಬರೆದಿದ್ದರು. ಕೇಳಿದರೆ ಉತ್ತರವೇ ಇಲ್ಲ. ಕಡೆಗೆ ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಿಕೊಂಡೆ. ಕೊಳ್ಳುವವರು ಮೊದಲು ವರ್ನಿಯರ್ ಹಿಡಿದು ಕ್ವಿಲ್ ಅಳೆಯಿರಿ.

ಕೂತ ಮೇಲೂ ಸುಖ ಇಲ್ಲ. ಚೌಕ ಉಳಿ ಅಂದರೆ ಬಿಟ್ ಮಧ್ಯದ್ದನ್ನು ಕೊರೆಯುತ್ತದೆ, ನಾಲ್ಕು ಮೂಲೆಗಳನ್ನು ನೀವು ತೋಳಿನ ಬಲದಿಂದ ಒತ್ತಿ ಕತ್ತರಿಸಬೇಕು. ಮಾರ್ಟೈಸರ್ ಮಷೀನ್‌ಗೆ ಉದ್ದ ಹಿಡಿಕೆ ಇರುವುದು ಅದಕ್ಕೇ. ಡ್ರಿಲ್ ಮಷೀನ್ ಹಿಡಿಕೆ ಗಿಡ್ಡ. 6 ಮಿ.ಮೀ. ಉಳಿ ಪರವಾಗಿಲ್ಲ, 12ರದ್ದು ಸಾಗವಾನಿಯಲ್ಲಿ ಇಳಿಸುವಾಗ ಮಷೀನ್ ಬುಡವೇ ಏಳುತ್ತದೆ. ಮತ್ತಿ, ಹೊನ್ನೆ ಆದರೆ ಕೇಳಲೇಬೇಡಿ. ಮೇಲೆ ಎತ್ತುವಾಗ ಮರವೂ ಉಳಿ ಜೊತೆ ಎದ್ದು ಬರುತ್ತದೆ. ಅದನ್ನು ಹಿಡಿಯುವ ಫೋರ್ಕ್ ತೆಳು ಕಬ್ಬಿಣದ್ದು, ಬಾಗುತ್ತದೆ. ಈಗ ಅದು ಡಬ್ಬದಲ್ಲಿದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಹುಬ್ಬಳ್ಳಿಯವರ ಮಾತಿಗೆ ಅರ್ಧ ಒಪ್ಪಿಗೆ. ನಾನು ಅದೇ ಥರದ ಅಟ್ಯಾಚ್‌ಮೆಂಟ್ ಬಳಸುತ್ತೇನೆ, ನೆಲದ ಮೇಲೆ ನಿಲ್ಲುವ ಭಾರದ ಡ್ರಿಲ್ ಪ್ರೆಸ್‌ನಲ್ಲಿ. 10 ಮಿ.ಮೀ.ವರೆಗೆ ತೊಂದರೆ ಕಂಡಿಲ್ಲ. ಆದರೆ ಹೊಸ ಉಳಿ ಪೆಟ್ಟಿಗೆಯಿಂದ ತೆಗೆದ ತಕ್ಷಣ ಕೆಲಸಕ್ಕೆ ಬರುವುದಿಲ್ಲ. ಒಳಬಾಯಿಯನ್ನು ಶಂಕುವಿನಾಕಾರದ ಸಾಣೆಯಿಂದ ತಿದ್ದಬೇಕು. ಹೊರಗಿನ ನಾಲ್ಕು ಮುಖಗಳನ್ನು ನಯವಾದ ಕಲ್ಲಿನ ಮೇಲೆ ಹಗುರಾಗಿ ಉಜ್ಜಬೇಕು, ಜಾಸ್ತಿ ಉಜ್ಜಿದರೆ ಅಳತೆ ಕಡಿಮೆಯಾಗುತ್ತದೆ. ಅಷ್ಟು ಮಾಡಿದರೆ ಒತ್ತುವ ಬಲ ಎದ್ದುಕಾಣುವಷ್ಟು ಕಡಿಮೆ ಸಾಕಾಗುತ್ತದೆ.

ಇನ್ನೊಂದು, ಒಳಗಿನ ಬಿಟ್ಟಿನ ತುದಿಗೂ ಚೌಕ ಉಳಿಯ ತುದಿಗೂ ಒಂದೂವರೆ-ಎರಡು ಮಿ.ಮೀ. ಅಂತರ ಇರಲೇಬೇಕು. ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಕಿರುಚುತ್ತದೆ, ಹೊಗೆ ಬರುತ್ತದೆ, ಉಳಿ ನೀಲಿಗಟ್ಟುತ್ತದೆ. ನೀಲಿಗಟ್ಟಿದ ಉಳಿಯಲ್ಲಿ ಹರಿತ ನಿಲ್ಲುವುದಿಲ್ಲ. ಇದಕ್ಕೆ ನಾಣ್ಯದ ಉಪಾಯ ಇದೆ. ಉಳಿಯ ಭುಜಕ್ಕೂ ಹೋಲ್ಡರ್‌ಗೂ ನಡುವೆ ಒಂದು ರೂಪಾಯಿ ನಾಣ್ಯ ಇಟ್ಟು ಉಳಿ ಬಿಗಿಯಿರಿ. ಬಿಟ್ ಪೂರ್ತಿ ಮೇಲಕ್ಕೆ ತಳ್ಳಿ ಚಕ್ ಬಿಗಿಯಿರಿ. ಈಗ ಉಳಿ ಸಡಿಲಿಸಿ, ನಾಣ್ಯ ತೆಗೆದು, ಉಳಿಯನ್ನು ಮೇಲಕ್ಕೆ ಒತ್ತಿ ಮತ್ತೆ ಬಿಗಿಯಿರಿ. ಈಗಿನ ರೂಪಾಯಿ ನಾಣ್ಯ ಸುಮಾರು ಒಂದೂವರೆ ಮಿ.ಮೀ. ದಪ್ಪ ಇದೆ, ಸರಿಯಾಗಿ ಹೊಂದುತ್ತದೆ. ಇಲ್ಲಿ ಜರ್ಮನಿಯಲ್ಲಿ ಕೂತು ನಾನು ಬಳಸುವುದೂ ಊರಿಂದ ತಂದ ನಾಣ್ಯವನ್ನೇ.

ಅಡ್ಡಕ್ಕೆ ಕೊರೆಯುವ ಬಗ್ಗೆ ಒಂದು ಮಾತು. ಇಲ್ಲಿನ ಬಡಗಿ ಶಾಲೆಗಳಲ್ಲಿ ಅದಕ್ಕೆಂದೇ ಬೇರೆ ಮಷೀನ್ ಇದೆ. ಬಿಟ್ ಮಲಗಿಸಿದಂತೆ ಇರುತ್ತದೆ, ಹಿಡಿಕೆ ಹಿಡಿದು ಆಚೀಚೆ ಸರಿಸಿದರೆ ಉದ್ದ ತೂತು ಆಗುತ್ತದೆ, ತುದಿ ಗುಂಡಗೆ ಉಳಿಯುತ್ತದೆ. ಅದರ ಬೇರಿಂಗ್, ಚಕ್ ಎಲ್ಲ ಪಕ್ಕದ ಒತ್ತಡಕ್ಕೇ ಮಾಡಿದ್ದು. ವಿಡಿಯೋದವರು ಬಹುಶಃ ಅದನ್ನು ನೋಡಿಯೇ ಡ್ರಿಲ್ ಪ್ರೆಸ್‌ನಲ್ಲಿ ಸಾಹಸ ಮಾಡುತ್ತಿರಬೇಕು.

ಸಾಗರದ ಹವ್ಯಾಸಿ

ಎಲ್ಲರಿಗೂ ಧನ್ಯವಾದ. ಅಟ್ಯಾಚ್‌ಮೆಂಟ್ ಆಸೆ ಬಿಟ್ಟೆ. ನನ್ನ ಮಷೀನ್ ಹಗುರ, ಒಬ್ಬನೇ ಎತ್ತಿ ಇಡುತ್ತೇನೆ.

ಮೈಸೂರಿನ ಮೇಡಂ, ಮೂರು ಅನುಮಾನ. ಫೋರ್ಸ್ಟ್‌ನರ್ ಬಿಟ್ ಒಂದು ಸೆಟ್ ಇದೆ, ಅದು ನಡೆಯುತ್ತಾ? ಪಕ್ಕಪಕ್ಕದ ಎರಡು ತೂತು ಕಾಲಿನ ಒಳಗೆ ಒಂದಕ್ಕೊಂದು ಸಿಗುತ್ತವಲ್ಲ, ಪರವಾಗಿಲ್ವಾ? ತುದಿಗಳ ಗುಂಡನ್ನು ಚೌಕ ಮಾಡಲೇಬೇಕಾ?

ಮೈಸೂರು ಮರಗೆಲಸ

ಫೋರ್ಸ್ಟ್‌ನರ್ ಚೆನ್ನಾಗಿಯೇ ನಡೆಯುತ್ತದೆ. ಬೆಂಜಮಿನ್ ಫೋರ್ಸ್ಟ್‌ನರ್ ಅನ್ನುವ ಅಮೆರಿಕದ ಕೋವಿ ರಿಪೇರಿಯವನು 1874ರಲ್ಲಿ ಪೇಟೆಂಟ್ ಪಡೆದ ಬಿಟ್ ಇದು. ಬಿಟ್ಟನ್ನು ದಾರಿಯಲ್ಲಿ ಇಡುವುದು ಅದರ ಹೊರ ಅಂಚು, ಮಧ್ಯದ ಮುಳ್ಳಲ್ಲ. ಅದಕ್ಕೇ ಹಳೆಯ ತೂತಿನ ಮೇಲೆ ಅರ್ಧ ಹತ್ತಿಸಿ ಕೊರೆದರೂ ಅಷ್ಟಾಗಿ ಜಾರುವುದಿಲ್ಲ. ನಾನು ಹೇಳಿದ 2 ಮಿ.ಮೀ. ಗೋಡೆಗಳನ್ನೂ ಅದರಲ್ಲೇ ತೆಗೆಯಬಹುದು. ಒಂದೇ ಕಷ್ಟ, 10 ಮಿ.ಮೀ.ನಂಥ ಸಣ್ಣದರಲ್ಲಿ ಚಕ್ಕೆ ಹೊರಗೆ ಬರುವುದಿಲ್ಲ. ಐದಾರು ಮಿ.ಮೀ. ಇಳಿಸಿ, ಮೇಲೆತ್ತಿ, ಪುಡಿ ಊದಿ, ಮತ್ತೆ ಇಳಿಸಬೇಕು. ಸುಮ್ನೆ ಒತ್ತುತ್ತಾ ಹೋದರೆ ಮರ ಕಪ್ಪಾಗುತ್ತದೆ. ಅಗಲದ ಫ್ಲಾಟ್ ಬಿಟ್ ಮಾತ್ರ ಬೇಡ. ತುದಿಯಲ್ಲಿ ಸ್ಕ್ರೂ ಇರುವ ಆಗರ್ ಬಿಟ್ ಬೇಡವೇ ಬೇಡ. ಆ ಸ್ಕ್ರೂ ತಾನೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡು ತೂತು ಒಳಗೆ ಸೇರುವ ಲೆಕ್ಕ ಹೀಗೆ. ಹೊರಮುಖದಿಂದ ತೂತಿನ ಮಧ್ಯಕ್ಕೆ 14 ಮಿ.ಮೀ. ಇಟ್ಟರೆ, ತೂತು 9ರಿಂದ 19ರವರೆಗೆ ಇರುತ್ತದೆ. ಕಾಲು 45. ಅಂದರೆ ಎರಡನೇ ತೂತು 26 ಮಿ.ಮೀ. ಇಳಿದ ಕೂಡಲೇ ಮೊದಲನೆಯದರ ಒಳಗೆ ಬಾಯಿ ಬಿಡುತ್ತದೆ. ಸೇರಲಿ, ಅದು ಸಾಮಾನ್ಯ. ಎರಡು ಟೆನಾನ್‌ಗಳ ತುದಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ದು, ಒಂದಕ್ಕೊಂದು ತಾಗದಂತೆ ಒಂದು ಮಿ.ಮೀ. ಬಿಡಿ. ಎರಡನೆಯದನ್ನು ಕೊರೆಯುವ ಮೊದಲು ಮೊದಲನೇ ತೂತಿನಲ್ಲಿ ಒಂದು ಬೇಡದ ಪಟ್ಟಿ ತುರುಕಿ, ಒಳಗೆ ಚಕ್ಕೆ ಏಳುವುದಿಲ್ಲ. ಇದೇ 14ರ ಲೆಕ್ಕದಲ್ಲಿ ಅಡ್ಡಪಟ್ಟಿ ಕಾಲಿನ ಮುಖದಿಂದ 3 ಮಿ.ಮೀ. ಒಳಗೆ ಕೂರುತ್ತದೆ, ನೋಡಲಿಕ್ಕೂ ಚೆಂದ.

ಗುಂಡು ತುದಿ ಹಾಗೇ ಬಿಡಬಹುದು. ಟೆನಾನ್ ಅಂಚನ್ನು ಅರದಲ್ಲಿ ಉಜ್ಜಿ ಗುಂಡಗೆ ಮಾಡಿ. ಅಂಟು ಹಿಡಿಯುವುದು ಟೆನಾನ್‌ನ ಅಗಲವಾದ ಎರಡು ಮುಖಗಳಲ್ಲಿ, ಅಂದರೆ ಕೆನ್ನೆಗಳಲ್ಲಿ, ಕಿರಿದಾದ ತುದಿಗಳಲ್ಲಿ ಅಲ್ಲ.

ಉಳಿ-ಕೊಡತಿ, ಕುಂದಾಪುರ

ಇದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ ಮೇಡಂ. ಅಂಟಿನ ಮೇಲೆ ಅಷ್ಟು ಭಾರ ಹಾಕಬೇಡಿ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಬೋಗಿ ಮರದ ಚೌಕಟ್ಟು ನೋಡಿ, ಅಂಟೇ ಇಲ್ಲ. ಮೂಲೆ ಚೌಕ, ಮೇಲೆ ಮರದ ಬೆಣೆ. ತುದಿ ಚೌಕ ಇದ್ದರೆ ಪಟ್ಟಿ ಮೇಲೆ-ಕೆಳಗೆ ಅಲ್ಲಾಡುವುದಿಲ್ಲ. ಎಂಟು ತೂತಿಗೆ ಹದಿನಾರು ತುದಿ. ಉಳಿ ಹರಿತ ಇದ್ದರೆ ಒಂದು ಗಂಟೆಯ ಕೆಲಸವೂ ಅಲ್ಲ.

ಮೈಸೂರು ಮರಗೆಲಸ

ಬೋಗಿ ಚೌಕಟ್ಟಿಗೂ ಹುಡುಗಿಯ ಓದುವ ಮೇಜಿಗೂ ಹೋಲಿಕೆ ಮಾಡಿದರೆ ಹೇಗೆ ಸರ್? ಮಳೆಗೆ ನಿಲ್ಲುವ ಚೌಕಟ್ಟಿಗೆ ಬೆಣೆ ಬೇಕು, ಒಪ್ಪುತ್ತೇನೆ. ಮೇಜಿಗೆ ಗುಂಡು ತುದಿ ಧಾರಾಳ ಸಾಕು, ಟೆನಾನ್ ಅಂಚನ್ನು ಸರಿಯಾಗಿ ಕೂರುವ ಹಾಗೆ ಗುಂಡು ಮಾಡಿದ್ದರೆ. ಸಡಿಲ ಬಿಟ್ಟು ಅಂಟು ತುಂಬಿಸುವುದು ಆಗಬಾರದು, ಅಷ್ಟೇ.

ಕೊಡಗಿನ ಸಿಲ್ವರ್ ಓಕ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಪ್ಲಂಜ್ ರೌಟರ್ (ಬಿಟ್ ಮೇಲಿಂದ ಕೆಳಗಿಳಿಸಬಹುದಾದ ರೌಟರ್), ಅದನ್ನು ದಾರಿಯಲ್ಲಿ ಇಡುವ ಒಂದು ಜಿಗ್ ಇದ್ದರೆ ಇಷ್ಟೆಲ್ಲಾ ಪಜೀತಿ ಯಾಕೆ? ಐದು ನಿಮಿಷಕ್ಕೆ ಒಂದು ತೂತು.

ಸಾಗರದ ಹವ್ಯಾಸಿ

ರೌಟರ್ ಇದ್ದಿದ್ದರೆ ಕೇಳುತ್ತಲೇ ಇರಲಿಲ್ಲ ಅಣ್ಣಾ. ಇರುವುದು ಬೆಂಚ್ ಡ್ರಿಲ್. ಅದರ ಸದ್ದೂ ಪಕ್ಕದ ಮನೆಗೆ ಕೇಳಲ್ಲ.

ಪೀಣ್ಯ ಫಿಟ್ಟರ್

ಕೊರೆಯುವ ಮೊದಲು ಮಷೀನ್ ಕಡೆ ಸ್ವಲ್ಪ ನೋಡಿ. ಗೇಟ್ ಕೆಲಸ ಮಾಡಿದ ಮಷೀನ್ ಅಂದಿರಿ, ಟೇಬಲ್ ಖಂಡಿತ ವಾಲಿರುತ್ತೆ. ಒಂದು ದಪ್ಪ ತಂತಿಯನ್ನು ಇಂಗ್ಲಿಷ್ ಝಡ್ ಅಕ್ಷರದಂತೆ ಬಾಗಿಸಿ ಚಕ್ಕಿಗೆ ಕಚ್ಚಿಸಿ. ಪ್ಲಗ್ ತೆಗೆದು ಚಕ್ಕನ್ನು ಕೈಯಲ್ಲಿ ತಿರುಗಿಸಿ. ತಂತಿಯ ತುದಿ ಟೇಬಲ್‌ನ ಎಡ, ಬಲ, ಹಿಂದೆ, ಮುಂದೆ ಎಲ್ಲಾ ಕಡೆ ಒಂದೇ ಥರ ತಾಗಬೇಕು. ಎಡ-ಬಲಕ್ಕೆ ಟೇಬಲ್ ಕೆಳಗೆ ಬೋಲ್ಟ್ ಇದೆ. ಹಿಂದೆ-ಮುಂದೆ ವ್ಯತ್ಯಾಸ ಇದ್ದರೆ ಮೇಲಿಡುವ ಪ್ಲೈವುಡ್ ಕೆಳಗೆ ಕಾಗದದ ಪಟ್ಟಿ ಇಟ್ಟು ಸರಿ ಮಾಡಿ.

ಇದು ಖಾಲಿ ಟೇಬಲ್ ಮಾತಾಯಿತು. ಹಿಡಿಕೆ ಒತ್ತಿದಾಗ ಹಗುರ ಮಷೀನ್‌ನ ಟೇಬಲ್ ಮುಂದಕ್ಕೆ ಬಾಗುತ್ತದೆ. ನಂಬಿಕೆ ಬರದಿದ್ದರೆ ಮರದ ಮೇಲೆ ಮೂಲೆಮಟ್ಟ ಇಟ್ಟು ಒತ್ತಿ ನೋಡಿ, ಬಿಟ್ಟಿಗೂ ಮೂಲೆಮಟ್ಟಕ್ಕೂ ನಡುವೆ ಬೆಳಕು ಕಾಣುತ್ತದೆ. ಟೇಬಲ್‌ನ ಮುಂಭಾಗಕ್ಕೂ ಮಷೀನ್ ಬುಡಕ್ಕೂ ನಡುವೆ ಒಂದು ಮರದ ಗೂಟ ಬಿಗಿಯಾಗಿ ಕೊಡಿ. ಕಾರಿನ ಸಣ್ಣ ಸ್ಕ್ರೂ ಜಾಕ್ ಇದ್ದರೆ ಇನ್ನೂ ಸುಲಭ. ಹುಬ್ಬಳ್ಳಿಯವರ ಅಟ್ಯಾಚ್‌ಮೆಂಟ್ ಕಷ್ಟದಲ್ಲಿ ಅರ್ಧ ಪಾಲು ಇದೇ ಇರಬಹುದು.

ಬೆಲ್ಟ್ ಕಬ್ಬಿಣದ ನಿಧಾನ ವೇಗದಲ್ಲೇ ಇರುತ್ತೆ. 10 ಮಿ.ಮೀ. ಬ್ರ್ಯಾಡ್ ಪಾಯಿಂಟ್‌ಗೆ 1,500ರ ಹತ್ತಿರದ ಪುಲ್ಲಿಗೆ ಬದಲಿಸಿ. ಮುಂದೆ ಯಾವಾಗಲಾದರೂ 25ರ ಫೋರ್ಸ್ಟ್‌ನರ್ ಹಾಕಿದರೆ 500ರ ಆಸುಪಾಸಿಗೆ ಇಳಿಸಿ. ಆಳದ ಸ್ಟಾಪ್‌ಗೆ ಎರಡು ನಟ್ ಇದ್ದರೆ ಎರಡನ್ನೂ ಬಿಗಿಯಿರಿ, ಒಂದೇ ಇದ್ದರೆ ನಡುಕಕ್ಕೆ ಸಡಿಲವಾಗುತ್ತದೆ.

ಕೈಗವಸು ಹಾಕಬೇಡಿ. ತುಂಬಾ ಜನ ಸುರಕ್ಷತೆ ಅಂತ ಹಾಕುತ್ತಾರೆ. ಬಿಟ್ಟಿಗೆ ಬಟ್ಟೆ ಸಿಕ್ಕಿದರೆ ಬೆರಳೂ ಅದರ ಹಿಂದೆ ಹೋಗುತ್ತದೆ. ತುಂಬು ತೋಳು, ಬಿಟ್ಟ ಕೂದಲು, ದುಪ್ಪಟ್ಟಾ ಯಾವುದೂ ಬೇಡ.

ಹುಬ್ಬಳ್ಳಿ ಬಾಗಿಲು

ಗೂಟದ ಮಾತು ಒಪ್ಪಿದೆ ಸಾಹೇಬ್ರ. ನಮ್ಮ ಹುಡುಗನಿಗೆ ಹೇಳಿ ಡಬ್ಬದಿಂದ ಅಟ್ಯಾಚ್‌ಮೆಂಟ್ ತೆಗೆಸಿದೆ. ಗೂಟ ಕೊಟ್ಟು, ಉಳಿಗೆ ಸಾಣೆ ಹಿಡಿದು, ಬೇವಿನಲ್ಲಿ 10ರದ್ದು ಇಳಿಸಿ ನೋಡಿದೆ. ಮೊದಲಿಗಿಂತ ವಾಸಿ. ಸಾಗವಾನಿಯಲ್ಲಿ ಈಗಲೂ ಬೆವರು ಬರ್ತದ. ಸಾಗವಾನಿಯೊಳಗೆ ಸಿಲಿಕಾ ಇರುತ್ತೆ, ಹರಿತ ಬೇಗ ಹೋಗುತ್ತೆ. ನಾಲ್ಕು ತೂತಿಗೆ ಒಮ್ಮೆ ಸಾಣೆ ಹಿಡಿಯೋರು ಯಾರು? ಅಂಗಡಿಗೆ ಚೈನ್ ಮಷೀನೇ ಸರಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಒಂದು ಸೇರಿಸಿ ನೋಡಿ ಸರ್. ಉಳಿಯ ಪಕ್ಕದ ಕಿಂಡಿ ತೂತಿನ ಉದ್ದಕ್ಕೆ, ಈಗಾಗಲೇ ಕೊರೆದ ಕಡೆಗೆ ಮುಖ ಮಾಡಿರಲಿ. ಚಕ್ಕೆ ಅಲ್ಲಿಂದ ಹೊರಗೆ ಹೋಗುತ್ತದೆ, ಒಳಗೆ ಸಿಕ್ಕಿ ಬಿಸಿಯಾಗುವುದಿಲ್ಲ. ಮತ್ತೆ ಒತ್ತೊತ್ತಾಗಿ ಕೊರೆಯಬೇಡಿ. ಉಳಿ ಅಗಲಕ್ಕಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟು ಮುಂದಿನದು, ಆಮೇಲೆ ನಡುವಿನದು. ಒಂದೇ ಕಡೆ ಮರ ಸಿಕ್ಕರೆ ಉಳಿ ಬಾಗುತ್ತದೆ.

ಸಾಗರದ ಹವ್ಯಾಸಿ

ಬೇಡದ ತುಂಡಿನಲ್ಲಿ ಕೊರೆದು ನೋಡಿದೆ. ಬ್ರ್ಯಾಡ್ ಪಾಯಿಂಟ್, 12 ಮಿ.ಮೀ. ಅಂತರ, ಟೇಬಲ್ ಕೆಳಗೆ ಜಾಕ್. ಗೋಡೆ ನೆಟ್ಟಗಿದೆ, ಮೂಲೆಮಟ್ಟ ಇಟ್ಟರೆ ಬೆಳಕು ಕಾಣಲ್ಲ. ತುದಿ ಒಂದು ಕಡೆ ಚೌಕ ಮಾಡಿದೆ, ಒಂದು ಕಡೆ ಗುಂಡು ಬಿಟ್ಟೆ. ಚೌಕ ಮಾಡುವುದೇ ಬೇಗ ಆಯಿತು, ಟೆನಾನ್ ಅಂಚನ್ನು ಒಂದೇ ಸಮ ಗುಂಡು ಮಾಡುವುದು ನನಗೆ ಒಗ್ಗಲಿಲ್ಲ. ಕುಂದಾಪುರದ ಸರ್‌ಗೆ ಇದು ಖುಷಿ ಸುದ್ದಿ.

ಈಗ ಟೆನಾನ್ ಕೊಯ್ಯಬೇಕು. 10 ಮಿ.ಮೀ. ಬಿಟ್ಟಿನ ತೂತು ಅಳೆದರೆ 10.2 ಬರುತ್ತಿದೆ. ಟೆನಾನ್ ಎಷ್ಟು ಇಡಲಿ?

ಉಳಿ-ಕೊಡತಿ, ಕುಂದಾಪುರ

ಅಳತೆ ಪಟ್ಟಿ ಒಳಗಿಡಿ. 10.5ಕ್ಕೆ ಕೊಯ್ದು, ತೂತಿಗೆ ಇಟ್ಟು ಇಟ್ಟು ನೋಡಿ, ಎರಡೂ ಕೆನ್ನೆಯಿಂದ ಸಮನಾಗಿ ಸವರುತ್ತಾ ಬನ್ನಿ. ಕೈಯಿಂದ ಒತ್ತಿದರೆ ಹೋಗಬೇಕು, ಕೊಡತಿಯ ಪೆಟ್ಟು ಬೇಕಾದರೆ ಇನ್ನೂ ಬಿಗಿ ಇದೆ ಅಂತ ಅರ್ಥ. ಹಲಸು ಸೀಳುತ್ತದೆ, ಬಲವಂತ ಬೇಡ. ಎಂಟು ಟೆನಾನ್‌ಗೂ ಎಂಟು ತೂತಿಗೂ ಜೋಡಿ ನಂಬರ್ ಬರೆದುಕೊಳ್ಳಿ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.